ಕಬ್ಬಿಣದ ಹಾಳೆಯ ದಪ್ಪ

ಮಗಳೇ ಶಾಂಭವಿ,

ನೀನು ಓದಲಾರೆ ಎಂದು ತಿಳಿದೇ ಬರೆಯುತ್ತಿದ್ದೇನೆ. ನಿನ್ನೊಡನೆ ಸಂಶೋಧನೆ ಮಾಡುತ್ತಿದ್ದ ಗಂಗಾವತಿಯ ಅನುಷಾ ಇಂದು ಯಲಬುರ್ಗದ ನಮ್ಮ ಮನೆಗೆ ಬಂದಿದ್ದಳು. ನೀನು ತೀರಿಕೊಂಡ ಮೇಲೆ ನಾನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದ ನಿನ್ನ ನೋಟ್‌ಬುಕ್ಕನ್ನು ಕೇಳಿದಳು.

“ಕೊಡಂಗಿಲ್ಲ,” ಎಂದೆ.

“ಕಾಕಾರ, ಕಬ್ಬಿಣದ ಹಾಳಿ ದಪ್ಪ ಅದರಾಗ ಐತ್ರಿ. ಅದಿಲ್ಲಂದ್ರ ಅಕಿ ಮೂರು ವರ್ಷದ ಕೆಲಸ ಕಸಕ್ಕ ಹೋಗ್ತೈತಿ.”

ಆ ಹಾಳೆಗೆ ಎಲೆಕ್ಟ್ರಾನುಗಳನ್ನು ಹಾಯಿಸಿ, ಪರಮಾಣು ಬೀಜದೊಳಗೆ ಸೇರಿದ ಪ್ರೋಟಾನಿನ ಒಳರಚನೆ ಎಷ್ಟು ಬದಲಾಗುತ್ತದೆಂದು ಅಳೆಯುತ್ತಿರುವುದಾಗಿ ನೀನು ವಿವರಿಸಿದ ದಿನ, ನೆಂಟರೆದುರು ನಾನು ಕೇಳಿದ್ದೂ ಅದನ್ನೇ: “ಹಾಳಿ ದಪ್ಪನ ತಪ್ಪಿದ್ರ?” ನೀನು ತಡವರಿಸಿದೆ. ನೆಂಟರು ನಕ್ಕರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದಾಗಿನಂತೆ ನಾನೂ ನಕ್ಕೆ. ಮರುದಿನ ಹೊರಟ ನೀನು ಮತ್ತೆ ಬರಲಿಲ್ಲ.

ಬೀಗ ತೆಗೆದೆ. ಅನುಷಾ ಪುಟ ತಿರುವುತ್ತಿದ್ದಷ್ಟು ಹೊತ್ತೂ, ನನ್ನ ಆಕ್ಷೇಪ ಬಿದ್ದುಹೋಗಲೆಂದು ಜೀವನದಲ್ಲಿ ಮೊದಲ ಬಾರಿಗೆ ಹಾರೈಸಿದೆ.

“ತಪ್ಪಿಲ್ರಿ ಕಾಕಾರ! ನಲವತ್ತು ಕಡೆ ಅಳದಾಳ. ಊರಿಂದ ಬಂದ ಕೂಡ್ಲೇನ ಎಲ್ಲಾ ಹೊಸದಾಗಿ ಅಳದಾಳ. ಮತ್ತೊಮ್ಮಿ ನೋಡು ಅಂತ ಅಕಿಗೆ ಯಾರರ ಹೇಳಿದ್ರೇನ್ರಿ?”

“ನನಗೇನ್ ಗೊತ್ತವ್ವಾ,” ಎಂದು, ನೋಟ್‌ಬುಕ್ಕನ್ನು ಅವಳಿಗೇ ಕೊಟ್ಟು ಕಳಿಸಿದೆ.