ಅತ್ತೂರಿಗೆ ಹೋಗಿ ಬಂದೆವು

ಸೀತೂರು
12 ನವೆಂಬರ್ 2025, ಬುಧವಾರ

ಪ್ರೀತಿಯ ಸುಮನಾ,

ಎದೆಹಾಲು ಕಟ್ಟಿಕೊಂಡು ನೋಯುತ್ತಿದೆ ಅಂತ ನಿನ್ನ ಅಮ್ಮ ಹೇಳಿದ್ದರು. ಈಗ ಇಳಿಯಿತಾ? ಊಟ ಸೇರುತ್ತಾ? ಜ್ವರ ಬಂದರೆ ಮನೆಮದ್ದು ಅಂತ ಕೂರಬೇಡ, ಡಾಕ್ಟರ ಹತ್ತಿರ ಹೋಗು. ನಾವು ಚೆನ್ನಾಗಿದ್ದೇವೆ ಅಂತ ಬರೆಯಬೇಕು, ಬರೆದೆ. ನೀನು ತವರಿಗೆ ಹೋದಮೇಲೆ ನಿನ್ನ ಗಂಡ ಕಲ್ಲೇಶ ಗದ್ದೆಗೆ ಹೋಗುತ್ತಾನೆ, ಬರುತ್ತಾನೆ, ಬಡಿಸಿದ್ದು ಉಣ್ಣುತ್ತಾನೆ. ಫೋನ್ ಮಾಡಿದರೆ ನಿನಗೂ ಮಾತಿಲ್ಲ, ನನಗೂ ಮಾತಿಲ್ಲ. ಅದಕ್ಕೇ ಈ ಕಾಗದ.

ಸೋಮವಾರ ನಾನೂ ನಿನ್ನ ಮಾವನೂ ಅತ್ತೂರಿನ ಸಂತ ಲಾರೆನ್ಸರ ಚರ್ಚಿಗೆ ಹೋಗಿ ಬಂದೆವು. ಮಗುವಾದರೆ ಎತ್ತಿಕೊಂಡು ಬಂದು ಮೇಣದಬತ್ತಿ ಹಚ್ಚುತ್ತೇನೆ ಅಂತ ಹೋದ ವರ್ಷ ನೀನು ಅಲ್ಲಿ ಹೇಳಿಕೊಂಡಿದ್ದೆಯಲ್ಲ. "ಕೊಟ್ಟು ಕಿತ್ಕೊಂಡ ಮೇಲೆ ಹರಕೆ ಎಂಥದು ಮಾರಾಯ್ತಿ?" ಅಂದರು ಮಾವ. "ಕೊಟ್ಟಿದ್ದು ಸುಳ್ಳಾ?" ಅಂದೆ. ಎದ್ದು ಅಂಗಿ ಹಾಕಿಕೊಂಡರು. ಶೃಂಗೇರಿಯಲ್ಲಿ ಬಸ್ಸು ಬದಲಿಸಿ, ನೆಮ್ಮಾರು ದಾಟಿ, ಘಟ್ಟ ಇಳಿಯುವ ತನಕ ಅವರ ಮುಖ ಕಿಟಕಿಯ ಕಡೆಗೇ.

ಜನ ಹೆಚ್ಚಿರಲಿಲ್ಲ. ಮಾವ ಒಳಗೆ ಬರುವುದಿಲ್ಲ ಅಂತ ಮೆಟ್ಟಿಲ ಮೇಲೆ ಕೂತರು. ಮೇಣದಬತ್ತಿ ಮಾರುವ ಹೆಂಗಸು ನಗುತ್ತಾ "ಹರಕೆಯಾ ಅಮ್ಮ? ನೆನೆಸಿದ್ದು ಆಯ್ತಾ?" ಅಂತ ಕೇಳಿದಳು. ಆಯ್ತು ಅಂದೆ. ಅವಳಿಗೆ ಇನ್ನೇನು ಹೇಳಲಿ? ಅಲ್ಲಿ ನಿಂತರೆ ಅಳು ಬರುತ್ತದೆ, ಒಂದಿಷ್ಟು ಹಗುರಾಗುತ್ತೇನೆ ಅಂದುಕೊಂಡಿದ್ದೆ. ಬರಲಿಲ್ಲ. ಸಂತರ ಮೂರ್ತಿಯ ಮುಂದೆ ಏನು ಕೇಳಬೇಕು ಅಂತಲೂ ತೋಚಲಿಲ್ಲ. ಬತ್ತಿ ಉರಿಯುವುದನ್ನು ನೋಡುತ್ತಾ ನಿಂತೆ. ಕೈಮೇಲೆ ಬಿಸಿ ಮೇಣ ಬಿದ್ದಿದ್ದು ಬಸ್ಸಿನಲ್ಲಿ ಗೊತ್ತಾಯಿತು, ಅಷ್ಟರಲ್ಲಿ ಬೊಬ್ಬೆ ಎದ್ದಿತ್ತು. ಕಾರ್ಕಳದಲ್ಲಿ ಹಸಿವಾಯಿತು. ಇಬ್ಬರೂ ಹೊಟ್ಟೆತುಂಬ ಉಂಡೆವು. ಅದೂ ಆಗುತ್ತದೆ, ನೋಡು.

ಇಲ್ಲಿ ಯಾರೂ ನಿನ್ನ ದಾರಿ ಕಾಯುತ್ತಾ ಗೊಣಗುತ್ತಿಲ್ಲ. ಮನಸ್ಸಾದಾಗ ಬಾ. ತಲೆಗೆ ಎಣ್ಣೆ ಹಾಕಿಸಿಕೋ, ಮಲಗು. ಬೀಗರಿಬ್ಬರಿಗೂ ನಮ್ಮ ನಮಸ್ಕಾರ ತಿಳಿಸು.

ನಿನ್ನ ತಲೆಯ ಮೇಲೆ ಕೈಯಿಟ್ಟು,
ಅತ್ತೆ ಶಂಕರಮ್ಮ

ತಾ.ಕ.: ಮಾವ ಅಂಚೆಗೆ ಹಾಕಲು ಹೊರಟು ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಚರ್ಚಿನಲ್ಲಿ ಫಾದರ್ ಒಬ್ಬರು ವಿಷಯ ಕೇಳಿ, ಪ್ರಾರ್ಥನೆ ಮಾಡುತ್ತೇನೆ, ಮಗುವಿನ ಹೆಸರು ಹೇಳಿ ಅಂದರು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತಲ್ಲ, ಹೆಸರೆಲ್ಲಿ? ಹಿಂದಿನಿಂದ ಮಾವ "ಸಂಪದಾ" ಅಂದರು. ಯಾವಾಗ ಒಳಗೆ ಬಂದಿದ್ದರೋ ಗೊತ್ತಿಲ್ಲ. ನಿಮ್ಮಿಬ್ಬರನ್ನು ಕೇಳದೆ ಇಟ್ಟ ಹೆಸರು. ನೀವು ಬೇರೆ ಅಂದುಕೊಂಡಿದ್ದರೆ ಬರೆ, ಇನ್ನೊಮ್ಮೆ ಹೋಗಿ ಹೇಳಿ ಬರುತ್ತೇವೆ.