ಮುಖ ಹುಡುಕುವ ಕ್ಯಾಮೆರಾ

ಟೈಲರಮ್ಮನವರ ಗಮನಕ್ಕೆ,

ನೀನು ಸ್ನಾನಕ್ಕೆ ಹೋಗಿರುವಾಗಲೇ ಕ್ಯಾಮೆರಾವನ್ನು ಅಂಗಡಿಗೆ ಒಯ್ಯುತ್ತಿದ್ದೇನೆ. ಬದಲಾಯಿಸಿಕೊಳ್ಳಲು ಇಂದೇ ಕಡೆಯ ದಿನ.

ನಿನ್ನೆಯ ಹೊಲಿಗೆ ವಿಡಿಯೊ ಮಸುಕಾಗಿದ್ದನ್ನು ಕಂಡು, "ನನ್ನ ಕೈ ನಡುಗುತ್ತೆ ರೀ, ಪಾಠಾನೂ ಬೇಡ ಗೀಠಾನೂ ಬೇಡ" ಎಂದೆಯಲ್ಲ, ತಪ್ಪು ನಿನ್ನ ಕೈಯದಲ್ಲ. ರಾತ್ರಿ ಮತ್ತೆ ನೋಡಿದೆ. ಮುಖ ಕಂಡರೆ ಸಾಕು, ಮಿಕ್ಕಿದ್ದನ್ನೆಲ್ಲ ಮರೆತುಬಿಡುವ ಕ್ಯಾಮೆರಾ ಅದು. ಮೆಷಿನ್ನಿನ ಹಿಂದಿನ ಕನ್ನಡಿಯಲ್ಲಿ ನಾನು ಇಣುಕಿದಾಗಲೆಲ್ಲ ಅದು ನಿನ್ನ ಸೂಜಿಯನ್ನು ಬಿಟ್ಟು ನನ್ನ ಬೋಳುತಲೆಯನ್ನು ಹಿಂಬಾಲಿಸಿದೆ. ಆ ಚಾಳಿ ಬಿಡಿಸಲು ಇರುವ ಬಟನ್ನುಗಳನ್ನೆಲ್ಲ ಒತ್ತಿ ಸೋತೆ.

ಹತ್ತಿರದ ವಸ್ತುವನ್ನು ತಾಳ್ಮೆಯಿಂದ ನೋಡಬಲ್ಲ ಸಾದಾ ಕ್ಯಾಮೆರಾ ತರುತ್ತೇನೆ. ಎಡಿಟಿಂಗಿಗೆ ಮೊಮ್ಮಗಳು ಹಾಕಿಕೊಟ್ಟ ಉಚಿತ ಸಾಫ್ಟ್‌ವೇರೇ ಸಾಕು. ಅದರಲ್ಲಿ ಕತ್ತರಿಸಬಹುದು, ಜೋಡಿಸಬಹುದು. ನಿನಗದು ಹೊಸ ವಿದ್ಯೆಯೇನಲ್ಲ. ತಪ್ಪು ಹೊಲಿಗೆ ಬಿಚ್ಚುವ ಭಾಗಕ್ಕೆ ಮಾತ್ರ ಕತ್ತರಿ ಹಾಕಬೇಡ. ಕಲಿಯುವವರಿಗೆ ಬೇಕಾದದ್ದು ಅದೇ.

ಮೆಷಿನ್ನಿನ ಮೇಲಿನ ಬಟ್ಟೆಯನ್ನು ಮಡಿಸಿಡಬೇಡ. ಕನ್ನಡಿಗೆ ಹಳೆಯ ಹೊದಿಕೆ ಹಾಕಿದ್ದೇನೆ, ತೆಗೆಯಬೇಡ. ಸಂಜೆ ಮೊದಲಿನಿಂದ ಶುರು ಮಾಡೋಣ.

ಪಾಪ, ಕ್ಯಾಮೆರಾವನ್ನು ಬೈಯಬೇಡ. ಮುಖದಿಂದ ಕಣ್ಣು ತೆಗೆದು ನಿನ್ನ ಕೈಗಳನ್ನು ನೋಡುವುದನ್ನು ಕಲಿಯಲು ನನಗೂ ಮದುವೆಯಾದ ಮೇಲೆ ಬಹಳ ವರ್ಷ ಹಿಡಿಯಿತು.