ಕೊಪ್ಪರಿಗೆಯಲ್ಲಿ ತೇಲಿದವಳು

೧೪-೧೦-೭೮, ಬೆಳಿಗ್ಗೆ

ಎದ್ದೆ. ಮಂಡಿ ಇನ್ನೂ ಎದ್ದಿಲ್ಲ. ಕಾಫಿ ಆಯಿತು. ಶಂಕ್ರಮ್ಮನ ಬೈಗುಳವೂ ಆಯಿತು — ಅವಳ ಎಲೆಡಬ್ಬಿಯಲ್ಲಿ ಅಡಿಕೆ ತೆಗೆದು ಹುಣಸೆಬೀಜ ಇಟ್ಟಿದ್ದೆ.

"ಎಪ್ಪತ್ತು ಹತ್ರ ಬಂತಲ್ರೀ, ಬುದ್ಧಿ ಯಾವಾಗ ಬರೋದು?"

"ಬಂದಿತ್ತು ಕಣೇ. ಬಾಗಿಲಲ್ಲಿ ನಿನ್ನ ನೋಡಿ ವಾಪಸ್ ಹೋತು."

ನಗಲಿಲ್ಲ. ನನಗೂ ನಗು ಬರಲಿಲ್ಲ. ಮಗಳು ರಾತ್ರಿಯೆಲ್ಲ ನರಳಿದ್ದಾಳೆ.

ಕಸ್ತೂರಿ ಬಿಳಿಚೋಡಿನಿಂದ ತವರಿಗೆ ಬಂದು ವಾರವಾಯಿತು. ಏಳು ತಿಂಗಳು. ಹಿಂದಿನ ಎರಡು ಬಸಿರೂ ನಿಲ್ಲಲಿಲ್ಲ. ಅದಕ್ಕೇ ಈ ಸಲ ಬೇಗ ಕರೆಸಿಕೊಂಡದ್ದು. ಪಾದ ಬಾತುಕೊಂಡಿವೆ, ನನ್ನ ಚಪ್ಪಲಿ ಅವಳಿಗೆ ಸರಿಹೋಗುತ್ತಿದೆ. ಬೆನ್ನುನೋವು ಬೆನ್ನು ಬಿಡುತ್ತಿಲ್ಲ. ಎಡಕ್ಕೆ ಮಲಗಿದರೆ ಸೊಂಟ, ಬಲಕ್ಕೆ ಮಲಗಿದರೆ ಉಸಿರು. ಕೂತೇ ತೂಕಡಿಸುತ್ತಾಳೆ. ನೋಡಿ ನೋಡಿ ನನಗೇ ಸುಸ್ತು.

೧೭-೧೦

ಹೊನ್ನಾಳಿಗೆ ಹೋಗಿ ಬಂದೆವು. ಹೊನ್ನು ಕಾಣಲಿಲ್ಲ, ಧೂಳು ಕಂಡಿತು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಮಗು ಚೆನ್ನಾಗಿದೆ, ಬಿ.ಪಿ. ಸರಿಯಾಗಿದೆ ಅಂದರು. ರೆಸ್ಟ್ ಬೇಕು, ನಿದ್ದೆ ಬೇಕು.

"ನಿದ್ದೇನ ಎಲ್ಲಿಂದ ತರ್ಲಿ ಡಾಕ್ಟ್ರೇ? ಸಂತೇಲಿ ಸಿಗಲ್ಲ," ಅಂದಳು ಕಸ್ತೂರಿ. ನನ್ನ ಮಗಳೇ. ಆದರೆ ಹೇಳುವಾಗ ಕಣ್ಣಲ್ಲಿ ನೀರಿತ್ತು.

ವಾಪಸ್ ಬರುವಾಗ ಬಸ್ಸಿನ ಕಿಟಕಿಯಲ್ಲಿ ಹೊಳೆ ಕಂಡಿತು. ತುಂಗಭದ್ರೆ ತುಂಬಿದ್ದಳು. ಕಸ್ತೂರಿ ನೋಡುತ್ತಲೇ ಇದ್ದಳು. "ಅಪ್ಪಾ, ಸಣ್ಣೋಳಿದ್ದಾಗ ಹೊಳೇಲಿ ಅಂಗಾತ ತೇಲಿಸ್ತಿದ್ದೆ ನೀನು. ಮೈ ಅನ್ನೋದೇ ಇಲ್ಲ ಅನ್ಸೋದು. ಒಂದ್ ಸಲ ಹಂಗೆ ಮಲಗ್ಬೇಕು."

"ಬಾಯಿ ಮುಚ್ಚು," ಅಂದಳು ಶಂಕ್ರಮ್ಮ. "ಬಸುರಿ ಹೊಳೆಗೆ ಇಳೀತಾಳಾ? ಏನಾರ ತಟ್ಟಿದ್ರೆ?"

ಮಗಳು ಕಿಟಕಿ ಮುಚ್ಚಿದಳು.

೨೧-೧೦

ತೇಲಿಸಿ ಮಾತಾಡುವುದು ನನ್ನ ಜನ್ಮದ ಕಸುಬು. ಮಗಳನ್ನು ತೇಲಿಸುವುದು ಹೇಗೆ?

ಆಲೆಮನೆ ಕಡೆ ಹೋಗಿದ್ದೆ. ಸೀಸನ್ ಇನ್ನೂ ಡಿಸೆಂಬರಿಗೆ. ಚಪ್ಪರದ ಗರಿ ಉದುರಿ ಬಿಸಿಲು ಸುರಿಯುತ್ತಿತ್ತು. ಮೂಲೆಯಲ್ಲಿ ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆ ಬೋರಲು ಬಿದ್ದಿತ್ತು. ಒಬ್ಬ ಆಳು ಕೈಕಾಲು ಚಾಚಿ ಮಲಗಬಹುದು, ಅಷ್ಟು ಅಗಲ. ಮೊಣಕಾಲು ಮುಚ್ಚುವಷ್ಟು ಆಳ. ಪಂಪ್‌ಸೆಟ್ಟು ಹತ್ತು ಮಾರು ದೂರ. ಮಧ್ಯಾಹ್ನದ ಹೊತ್ತಿಗೆ ನೀರು ತಾನೇ ಬೆಚ್ಚಗಾಗುತ್ತದೆ.

ಅಲ್ಲೇ ಕೂತು ಬೀಡಿ ಹಚ್ಚಿದೆ. ಹಚ್ಚಿದ ಬೀಡಿ ಆರಿಹೋಯಿತು, ತಲೆ ಹತ್ತಿಕೊಂಡಿತು.

ಆಲೆ ನಡೆಸುವ ಮಗ ರೇವಣ್ಣನಿಗೆ ಹೇಳುವಂತಿಲ್ಲ. ಅವನ ಪಾಲಿಗೆ ಆ ಕೊಪ್ಪರಿಗೆ ದೇವರು. ಚಪ್ಪಲಿ ಹಾಕಿಕೊಂಡು ಹತ್ತಿರ ಹೋದರೆ ಮಗ ಅಪ್ಪನನ್ನೂ ಬೈಯುತ್ತಾನೆ. ಊರವರಂತೂ... ಬಸುರಿ ಮಲಗಿದ ಕೊಪ್ಪರಿಗೆಯ ಬೆಲ್ಲ ಯಾರು ತಿಂದಾರು?

೨೩-೧೦

ಶಂಕ್ರಮ್ಮನಿಗೆ ಹೇಳಿದೆ. ತಮಾಷೆ ಅಂದುಕೊಂಡಳು. ಮತ್ತೆ ಹೇಳಿದೆ. ಮತ್ತೂ ತಮಾಷೆ ಅಂದುಕೊಂಡಳು. ಇದು ನನ್ನ ಪಾಡು. ನಿಜ ಹೇಳಬೇಕಾದರೆ ಮೂರು ಸಲ ಹೇಳಬೇಕು.

ಡಾಕ್ಟರಮ್ಮನನ್ನೇ ಕೇಳಿ ಬಂದೆ. ಶುದ್ಧ ನೀರು, ಉಗುರುಬೆಚ್ಚಗೆ, ಬಿಸಿ ಬೇಡ, ತಲೆ ಹಿಡಿಯಲು ಒಬ್ಬರು ಇರಲೇಬೇಕು ಅಂದರು. ಆಮೇಲೆ ಶಂಕ್ರಮ್ಮ ಹೂಂ ಅಂದಳು. ಆದರೆ ನನ್ನ ಕೈ ಹಿಡಿದು ಕೂರಿಸಿಕೊಂಡು ಹೇಳಿದಳು: "ಇದು ಯಾರ ಕಿವಿಗೂ ಬೀಳಬಾರ್ದು ರೀ. ಎರಡು ಹೋಗಾವೆ. ನಾಳೆ ಇದಕ್ಕೇನಾರ ಆದ್ರೆ, ಕೊಪ್ಪರಿಗೇಲಿ ಮಲಗಿ ಕಳಕೊಂಡ್ಲು ಅಂತಾರೆ. ಅವಳ ಬಾಳೇ ಹಾಳಾಗ್ತೈತೆ."

೨೬-೧೦, ಸಂಜೆ

ಬರೆಯಲು ಕೈ ಏಳುತ್ತಿಲ್ಲ. ಕೊಪ್ಪರಿಗೆ ಉಜ್ಜಿ ಉಜ್ಜಿ ರಟ್ಟೆ ಬಿದ್ದುಹೋಗಿದೆ. ಆದರೂ ಬರೆಯಬೇಕು.

ತೆಂಗಿನ ಬುಡಕ್ಕೆ ಹಾಕಲು ತಂದಿದ್ದ ಕಲ್ಲುಪ್ಪು ಎರಡು ಚೀಲ ಇತ್ತು. ಅದನ್ನೂ ನೀರಿಗೆ ಸುರಿದೆ. ಉಪ್ಪುನೀರು ಮೈಯನ್ನು ಎತ್ತಿ ಹಿಡಿಯುತ್ತದಂತೆ. ಎಲ್ಲೋ ದೂರದೇಶದಲ್ಲಿ ಅಂಥ ಸಮುದ್ರವಿದೆ, ಮುಳುಗುತ್ತೇನೆ ಅಂದರೂ ಮುಳುಗಿಸುವುದಿಲ್ಲ ಅಂತ ಓದಿದ್ದೆ. ಮೃತ ಸಮುದ್ರ. ಆ ಹೆಸರು ಬಸುರಿಗೆ ಬೇಡ. ಮುಂದೆ ಒಂದು 'ಅ' ಸೇರಿಸಿದೆ.

ಚಕ್ಕಡಿಯಲ್ಲಿ ಕರೆದೊಯ್ದೆವು. ರೇವಣ್ಣನಿಗೆ, ತಂಗಿಗೆ ಗಾಳಿ ಬೇಕಂತೆ ಎಂದೆವು. ತಾಯಿ ಮಗಳು ಒಳಗೆ. ನಾನು ಗರಿಯ ತಟ್ಟಿಯ ಆಚೆ, ಬೆನ್ನು ತಿರುಗಿಸಿ. ಹಳೇ ಸೀರೆ ನೀರಿಗೆ ಬಿದ್ದ ಸದ್ದು. "ಅಯ್ಯೋ ಅವ್ವಾ..." ಅಂತ ಕಸ್ತೂರಿ.

"ಏನಾತೇ?"

"ಏನೂ ಇಲ್ಲ ಅಪ್ಪಾ. ಭಾರಾನೇ ಇಲ್ಲ."

ಆಮೇಲೆ ನಾನು ಹಳೆಯ ಕಥೆ ಶುರುಮಾಡಿದೆ, ಗೌಡರ ಕುದುರೆಗೆ ಕನ್ನಡಕ ಹಾಕಿದ್ದು. ಅರ್ಧಕ್ಕೆ ಶಂಕ್ರಮ್ಮ "ಶ್" ಅಂದಳು.

ನಿದ್ದೆ ಹೋಗಿದ್ದಳು. ಅವಳ ಉಸಿರು ತಟ್ಟಿಯ ಈಚೆಗೂ ಕೇಳುತ್ತಿತ್ತು. ನನ್ನ ಕಥೆಗೆ ಯಾರಾದರೂ ನಿದ್ದೆ ಹೋದರೆ ಸಿಟ್ಟು ಬರುತ್ತಿತ್ತು. ಇವತ್ತು ಮುಖ ಒರೆಸಿಕೊಂಡೆ.

೬-೧೧

ದೀಪಾವಳಿ ಮುಗಿಯಿತು. ದಿನ ಬಿಟ್ಟು ದಿನ ಚಕ್ಕಡಿ. ಹಳೇ ನೀರು ಚೆಲ್ಲು, ಹೊಸದು ತುಂಬು, ಸಂತೆಯಿಂದ ತಂದ ಉಪ್ಪು ಹಾಕು, ಗರಿ ಮುಚ್ಚು. ನಾನೂ ಎತ್ತುಗಳೂ ಒಂದೇ ಥರ ಏದುಸಿರು ಬಿಡುತ್ತೇವೆ. ಅವಕ್ಕೆ ಹಿಂಡಿ ಸಿಗುತ್ತದೆ, ನನಗೆ ಹಿಂಡಿದ ಬಟ್ಟೆ ಹರವುವ ಕೆಲಸ.

ಕಸ್ತೂರಿಯ ಪಾದ ಇಳಿದಿವೆ. ಮುಖದಲ್ಲಿ ಸ್ವಲ್ಪ ರಕ್ತ. ಕಿವಿ ನೀರೊಳಗೆ ಇದ್ದಾಗ ಎದೆಬಡಿತ ಜೋರಾಗಿ ಕೇಳುತ್ತದಂತೆ. "ಎರಡು ಕೇಳ್ತಾವಪ್ಪ. ಒಂದು ನಿಧಾನ, ಒಂದು ಅವಸರ."

ಹಾಗೆಲ್ಲ ಕೇಳಲಾರದು. ನನಗೂ ಗೊತ್ತು. ಒಂದು ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ.

೨-೧೨

ಮುಗಿಯಿತು. ರೇವಣ್ಣ ಚಪ್ಪರಕ್ಕೆ ಹೊಸ ಗರಿ ಹೊದಿಸಲು ಆಳು ಕರೆದಿದ್ದಾನೆ. ನಿನ್ನೆ ಕೊನೆಯ ಸಲ ಕೊಪ್ಪರಿಗೆ ಖಾಲಿ ಮಾಡಿದೆ. ಬೂದಿ, ಹುಣಸೆಹಣ್ಣು ಹಾಕಿ ಉಜ್ಜಿದೆವು. ತಳದಲ್ಲಿ ಕರಗದೆ ಉಳಿದ ಉಪ್ಪು, ಉಪ್ಪುನೀರು ಮೂಲೆಯ ಡ್ರಮ್ಮಿಗೆ ತುಂಬಿಟ್ಟೆ. ತೆಂಗಿಗೆ ಹಾಕಬೇಕು. ನಾಳೆ. ಇವತ್ತು ಆಗಲ್ಲ.

೧೩-೧೨

ಹತ್ತು ದಿನ ಜ್ವರ. ಬರೆದಿಲ್ಲ. ಮಗಳಿಗೆ ಮತ್ತೆ ನಿದ್ದೆಯಿಲ್ಲ. ಗೋಡೆಗೆ ದಿಂಬು ಒರಗಿಸಿ ಕೂತಿರುತ್ತಾಳೆ. ನಾಳೆ ಆಲೆ ಶುರು. ಬಿಳಿಚೋಡಿನಿಂದ ಬೀಗಿತ್ತಿ ಸಾವಂತ್ರಮ್ಮ ಸೊಸೆಯನ್ನು ನೋಡಲು ಬಂದಿದ್ದಾಳೆ.

೧೪-೧೨, ಸಂಜೆ

ಡ್ರಮ್ಮು ಮರೆತಿದ್ದೆ.

ಮೊದಲ ಪಾಕ. ಹಾಲಿನ ಕೊಳೆ ತೆಗೆಯಲು ಸುಣ್ಣದ ನೀರು ಹಾಕುತ್ತಾರೆ. ಆಳು ಆ ಡ್ರಮ್ಮಿಗೇ ಸುಣ್ಣ ಕಲಸಿ, ಬಕೆಟ್ಟಿನಲ್ಲಿ ಬಗ್ಗಡದ ಸಮೇತ ಎತ್ತಿ ಸುರಿದಿದ್ದಾನೆ. ಬೆಲ್ಲ ಅಚ್ಚು ಕಟ್ಟಲಿಲ್ಲ. ಮೊದಲ ಪಾಕ ಬಸವಣ್ಣನ ಎಡೆಗೆ, ಆಮೇಲೆ ನೆರೆದವರ ಬಾಯಿಗೆ. ಬಾಯಿಗಿಟ್ಟವರೆಲ್ಲ ಥೂ ಅಂದರು. ಉಪ್ಪು.

ಎಡೆಯೂ ಉಪ್ಪೇ.

ರೇವಣ್ಣನ ಮುಖ ಕಪ್ಪಿಟ್ಟಿತು. ಯಾರೋ, "ಕೊಪ್ಪರಿಗೆಗೆ ಮೈಲಿಗೆ ತಟ್ಟೈತೆ," ಅಂದರು. ಸಾವಂತ್ರಮ್ಮ ಸೆರಗು ಬಿಗಿದುಕೊಂಡಳು. "ಬಸುರಿ ಇರೋ ಮನೇಲಿ ಮೊದಲ ಪಾಕ ಕೆಡೋದು ಅಂದ್ರೆ ಒಳ್ಳೇದಲ್ಲ ಬೀಗ್ರೇ. ಏನು ನಡೆದೈತೆ ಇಲ್ಲಿ? ಮುಟ್ಟಬಾರದ್ದು ಮುಟ್ಟಿದ್ದು ಯಾರು?" ಎಲ್ಲರ ಕಣ್ಣೂ ಕಸ್ತೂರಿ ಕಡೆ ತಿರುಗಿದವು. ಅವಳು ಕಂಬ ಹಿಡಿದು ನಿಂತಿದ್ದಳು. ತುಟಿ ಅಲ್ಲಾಡಿತು. ಹೇಳಿಬಿಡುತ್ತಾಳೆ ಅಂತ ಗೊತ್ತಾಯಿತು.

"ನಾನೇ ಹಾಕಿದ್ದು," ಅಂದೆ. ಜೋರಾಗಿ. "ಉಪ್ಪು. ವರ್ಷಾ ವರ್ಷಾ ಸಿಹಿ ತಿಂದು ನಿಮ್ಮ ನಾಲಿಗೆ ಸೋಮಾರಿ ಆಗಾವೆ. ಉಪ್ಪು ತಿಂದೋರು ನೀರು ಕುಡೀರಿ, ಹೋಗ್ರಿ."

ಒಬ್ಬರಾದರೂ ಅನುಮಾನ ಪಡಬೇಡವೇ? ಇಲ್ಲ. ಒಬ್ಬರೂ ಇಲ್ಲ. "ಮುದುಕನ ಕೈಗೆ ಹುಳ ಬೀಳ!" "ದೇವರ ಎಡೇಲೂ ಹುಡುಗಾಟನಾ?" ಸಾವಂತ್ರಮ್ಮ, "ಇಂಥ ಮನೆಯಿಂದ ಹೆಣ್ಣು ತಂದೆವಲ್ಲಾ," ಅಂದಳು. ಸೊಸೆಯನ್ನಲ್ಲ, ನನ್ನನ್ನು ನೋಡಿ. ಅಷ್ಟು ಸಾಕು.

ರೇವಣ್ಣ ಪಾಕ ತಿರುವುವ ಹುಟ್ಟು ನೆಲಕ್ಕೆ ಎಸೆದ. "ಅಪ್ಪಾ, ಇವತ್ತಿಂದ ನಿನ್ನ ಹತ್ರ ಮಾತಿಲ್ಲ."

೨೦-೧೨

ಮಗ ಮಾತು ಬಿಟ್ಟಿದ್ದಾನೆ. ಊಟಕ್ಕೆ ನಾನು ಕೂತರೆ ಅವನು ಏಳುತ್ತಾನೆ. ಗುಡಿಕಟ್ಟೆಯಲ್ಲೂ ಯಾರೂ ಜಾಗ ಕೊಡುವುದಿಲ್ಲ. ಮಕ್ಕಳು ಮಾತ್ರ "ಉಪ್ಪಜ್ಜ" ಅಂತ ಕೂಗುತ್ತವೆ. ಒಳ್ಳೆಯ ಹೆಸರೇ. ನಾನೇ ಇಟ್ಟುಕೊಂಡಿದ್ದರೂ ಇದಕ್ಕಿಂತ ಚೆನ್ನಾಗಿ ಇಡುತ್ತಿರಲಿಲ್ಲ.

ಕಸ್ತೂರಿ ಅತ್ತಳು. "ಅಣ್ಣಂಗೆ ಹೇಳ್ತೀನಿ."

"ಹೇಳಿದ್ರೆ ಒಂಬತ್ತು ಊರಿಗೆ ಗೊತ್ತಾಗ್ತೈತೆ. ಹೆರಿಗೆ ಆಗ್ಲಿ."

"ನಿಂಗೆ ಬೇಜಾರಿಲ್ವಾ?"

"ಅಭ್ಯಾಸ ಐತೆ," ಅಂದೆ. ಇಲ್ಲ. ಇಷ್ಟು ಭಾರ ಅಭ್ಯಾಸವಿಲ್ಲ. ನನ್ನನ್ನು ತೇಲಿಸುವ ನೀರು ಎಲ್ಲಿದೆಯೋ.

೪-೧-೭೯

ಡಾಕ್ಟರಮ್ಮ ಇನ್ನು ಎಂಟು ಹತ್ತು ದಿನ ಅಂದಿದ್ದಾರೆ. ಮಗಳು ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ಹೆರುವುದಕ್ಕೆ ಶಕ್ತಿ ಎಲ್ಲಿ ಉಳಿದೀತು? ಶಂಕ್ರಮ್ಮ ಬಿಸಿನೀರಿನ ಬಟ್ಟೆ ಇಡುತ್ತಾಳೆ, ತೆಗೆಯುತ್ತಾಳೆ. ಕೊಪ್ಪರಿಗೆ ಕುದಿಯುತ್ತಿದೆ. ಊರವರ ಕಬ್ಬೆಲ್ಲ ಸಾಲಾಗಿ ನಿಂತಿದೆ. ಕೇಳುವ ಬಾಯಿ ನನಗಿಲ್ಲ.

೫-೧-೭೯, ಮಧ್ಯಾಹ್ನ

ರೇವಣ್ಣ ಬಂದ. ಅಂಗಳದಲ್ಲಿ ನಿಂತ. ನನ್ನ ಕಡೆ ನೋಡದೆ, "ಒಲೆ ಆರ್ಸೀನಿ," ಅಂದ.

ಅರ್ಥವಾಗಲಿಲ್ಲ. ಯಾಕೋ, ಏನಾತು ಅಂದೆ.

"ಕೊಪ್ಪರಿಗೆ ತೊಳ್ಸಿ ನೀರು ಬಿಟ್ಟೀನಿ. ಒಲೆ ಶಾಖ ಇಳಿದೈತೆ, ಕೈ ಹಾಕಿ ನೋಡೀನಿ, ಬೆಚ್ಚಗೈತೆ ಅಷ್ಟೆ. ಆಳುಗಳಿಗೆ ರಜ. ಕೊಪ್ಪರಿಗೆ ತೂತು ಬಿದ್ದೈತೆ ಅಂತ ಊರಿಗೆ ಹೇಳೀನಿ. ತಂಗೀನ ಕರಕೊಂಡು ಬಾ."

"ನಿಂಗೆ ಯಾರು—"

"ಯಾರೂ ಹೇಳ್ಲಿಲ್ಲ. ನೀನು ಯಾರಿಗೆ ಬೇಕಾರೂ ಆಟ ಕಟ್ತೀಯ. ಬಸವಣ್ಣನ ಎಡೆಗೆ ಕಟ್ಟಲ್ಲ. ತಂಗೀನ ಕರಕೊಂಡು ಹೋದ ಚಕ್ಕಡಿ, ಒದ್ದೆ ಸೀರೆ, ಖಾಲಿ ಉಪ್ಪಿನ ಚೀಲ, ಎಲ್ಲಾ ಕೂಡ್ಸಿ ನೋಡ್ದೆ. ಮೂರು ವಾರ ಬೇಕಾತು ನಂಗೆ ತಿಳಿಯಾಕೆ. ಉಪ್ಪು ಎಷ್ಟು ಹಾಕ್ಬೇಕು ಅಂತ ಹೇಳು."

ಉಳಿದಿದ್ದ ಉಪ್ಪಿನ ಚೀಲ ತೋರಿಸಿದೆ.

ತಟ್ಟಿಯ ಆಚೆ ಇಬ್ಬರೂ ಬೆನ್ನು ತಿರುಗಿಸಿ ಕೂತೆವು. ಮಗಳು ಸಂಜೆವರೆಗೆ ನಿದ್ದೆ ಮಾಡಿದಳು. ಪಕ್ಕದಲ್ಲಿ ಮಗನೂ ತೂಕಡಿಸಿದ.

೯-೧-೭೯, ಬೆಳಿಗ್ಗೆ

ನಸುಕಿಗೇ ನೋವು ಶುರುವಾಯಿತು. ಹೊನ್ನಾಳಿಗೆ ಒಯ್ಯಲು ಹೊತ್ತಿಲ್ಲ. ರೇವಣ್ಣ ಹೋಗಿ ಊರಿನ ನರ್ಸಮ್ಮನನ್ನು ಕರೆತಂದ, ಸೂಲಗಿತ್ತಿ ಕಲ್ಲಮ್ಮನನ್ನೂ. ಬಾಗಿಲು ಹಾಕಿದ್ದಾರೆ. ನಾವಿಬ್ಬರೂ ಜಗಲಿಯಲ್ಲಿ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಕಲ್ಲಮ್ಮ ಒಂದು ಸಲ ಹೊರಗೆ ಬಂದು, "ಮೈಯಾಗೆ ಕಸುವು ಐತೆ, ಮುಕ್ಕಿ ಹೆರ್ತಾಳೆ, ಹೆದರಬ್ಯಾಡ್ರಿ," ಅಂದು ಒಳಗೆ ಹೋದಳು. ರೇವಣ್ಣ ನಾಲ್ಕು ಸಲ ಎದ್ದು ನಾಲ್ಕು ಸಲ ಕೂತ.

"ಏನಾರ ಒಂದು ಹೇಳಪ್ಪ, ನಗಂಗೆ," ಅಂದ.

ಹುಡುಕಿದೆ. ಏನೂ ಇಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಮಗ ಕೇಳಿದ, ಆಗಲೇ ಅಂಗಡಿ ಖಾಲಿ.

ಒಳಗೆ ಸದ್ದು ನಿಂತಿತು.

ಯಾಕೆ ನಿಂತಿತು? ಹಿಂದಿನ ಸಲವೂ ಹೀಗೇ

ಅಳು. ಶಂಕ್ರಮ್ಮನದಲ್ಲ. ಕಸ್ತೂರಿಯದೂ ಅಲ್ಲ. ಈ ಮನೆಯಲ್ಲಿ ಇದುವರೆಗೆ ಕೇಳದ ದನಿ. ಸಿಟ್ಟಿನ ದನಿ. ರೇವಣ್ಣ ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದಾನೆ, ಪೂರ್ತಿ ಬರೆಯಲು ಬಿಡು